ಬರೆಯುವಾಗ ಪಿ ಬೇಕು, ಹೇಳುವಾಗ ಬೇಡ: ಪಿ-ಎಸ್, ಪಿ-ಎನ್, ಪಿ-ಟಿ ಜೋಡಿಯ ಉದ್ದನೆಯ ಇಂಗ್ಲಿಷ್ ಪದಗಳು

ಪ್ರಶ್ನೆ: ಸೈಕಾಲಜಿ, ನ್ಯುಮೋನಿಯಾ, ಟೆರೊಡ್ಯಾಕ್ಟಿಲ್ ಇಂಥ ಪದಗಳೆಲ್ಲ ಇಂಗ್ಲಿಷಿನಲ್ಲಿ ಪಿ ಅಕ್ಷರದಿಂದ ಶುರುವಾಗುತ್ತವೆ, ಆದರೆ ಆ ಪಿ ಕೇಳಿಸುವುದಿಲ್ಲ. ಹೀಗೆ ಪಿ-ಎಸ್, ಪಿ-ಎನ್, ಪಿ-ಟಿ ಜೋಡಿಯಿಂದ ಆರಂಭವಾಗುವ ಉದ್ದನೆಯ ಪದಗಳನ್ನು ಅರ್ಥಸಹಿತ ತಿಳಿಸುವಿರಾ? ಸ್ಪೆಲಿಂಗ್ ಸ್ಪರ್ಧೆಗೆ ತಯಾರಾಗುತ್ತಿರುವ ಮಗ ಕೆಲವೊಮ್ಮೆ ಪಿ ಬಿಡುತ್ತಾನೆ, ಕೆಲವೊಮ್ಮೆ ಬೇಡದ ಕಡೆ ಹಾಕುತ್ತಾನೆ. ಉರು ಹೊಡೆಯದೆ ಕಲಿಯುವ ದಾರಿ ಇದೆಯೇ?

ಉತ್ತರ: ಇದೆ. ಈ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಲು ಹೊರಟರೆ ನೂರಾರು ಆಗುತ್ತವೆ. ಆದರೆ ಅವುಗಳ ಹಿಂದಿರುವ ಗ್ರೀಕ್ ಧಾತುಗಳು ಹತ್ತು ಹನ್ನೆರಡು ಮಾತ್ರ. ಪಿ ಸೇರಿರುವುದು ಆ ಧಾತುವಿಗೆ. ಧಾತು ಗುರುತಾದರೆ ಪಿ ಬೇಕೋ ಬೇಡವೋ ಎಂಬ ಗೊಂದಲವೇ ಇರುವುದಿಲ್ಲ. ಅರ್ಥವೂ ಅರ್ಧದಷ್ಟು ತಾನಾಗಿಯೇ ತಿಳಿಯುತ್ತದೆ.

ಮೊದಲು ಪಿ ಏಕೆ ಮೌನ ಎನ್ನುವುದನ್ನು ನೋಡೋಣ, ಏಕೆಂದರೆ ಕಾಗುಣಿತದ ಉಪಾಯವೂ ಅದರಲ್ಲೇ ಇದೆ. ಗ್ರೀಕರು ಪದದ ಮೊದಲಲ್ಲೇ ಪ್ಸ, ಪ್ನ, ಪ್ತ ಎಂಬ ಸಂಯುಕ್ತ ಧ್ವನಿಗಳನ್ನು ಸಲೀಸಾಗಿ ಉಚ್ಚರಿಸುತ್ತಿದ್ದರು. ಪ್ಸ ಧ್ವನಿಗಂತೂ ಅವರ ಲಿಪಿಯಲ್ಲಿ ಒಂದೇ ಅಕ್ಷರವಿದೆ. ಅದರ ಹೆಸರು ಪ್ಸೈ, ಆಕಾರ ತ್ರಿಶೂಲದಂತೆ. ಮನಶ್ಶಾಸ್ತ್ರದ ಲಾಂಛನವಾಗಿ ಎಲ್ಲೆಡೆ ಬಳಸುವುದು ಅದನ್ನೇ. ಈ ಪದಗಳು ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದಾಗ ವಿದ್ವಾಂಸರು ಕಾಗುಣಿತವನ್ನು ಮೂಲದಂತೆಯೇ ಉಳಿಸಿಕೊಂಡರು. ಆದರೆ ಪದದ ಆರಂಭದಲ್ಲಿ ಪಿ ಆದಮೇಲೆ ಎಸ್, ಎನ್ ಅಥವಾ ಟಿ ಬರುವುದನ್ನು ಇಂಗ್ಲಿಷ್ ಬಾಯಿ ಒಪ್ಪುವುದಿಲ್ಲ. ಹಾಗಾಗಿ ಮಾತಿನಲ್ಲಿ ಪಿ ಬಿದ್ದುಹೋಯಿತು, ಬರಹದಲ್ಲಿ ಉಳಿಯಿತು. ಜರ್ಮನ್ನರೂ ಫ್ರೆಂಚರೂ ಇವತ್ತಿಗೂ ಸೈಕಾಲಜಿಗೆ ಸಮನಾದ ತಮ್ಮ ಪದದಲ್ಲಿ ಪಿಯನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾರೆ.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ಅಪ್ಸರೆ, ಸ್ವಪ್ನ, ಸಪ್ತ. ಈ ಮೂರೂ ಪದಗಳಲ್ಲಿ ನಮಗೆ ಬೇಕಾದ ಮೂರೂ ಜೋಡಿಗಳಿವೆ, ಹಿಂದೆ ಸ್ವರವಿರುವುದರಿಂದ ಪಕಾರ ಚೆನ್ನಾಗಿ ಕೇಳಿಸುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ: ಈ ಜೋಡಿ ಪದದ ನಡುವೆ ಬಂದು ಹಿಂದೆ ಸ್ವರವಿದ್ದರೆ ಸಾಮಾನ್ಯವಾಗಿ ಪಿ ಜೀವ ಪಡೆಯುತ್ತದೆ. ಹೆಲಿಕಾಪ್ಟರ್ ನೋಡಿ. ಅದನ್ನು ಹೆಲಿ ಮತ್ತು ಕಾಪ್ಟರ್ ಎಂದು ಒಡೆಯುವುದು ರೂಢಿಯಾಗಿದೆ, ಹೆಲಿಪ್ಯಾಡ್, ಹೆಲಿಪೋರ್ಟ್ ಹುಟ್ಟಿದ್ದು ಹಾಗೆಯೇ. ಸರಿಯಾದ ಒಡಕು ಹೆಲಿಕೊ ಮತ್ತು ಪ್ಟರ್: ಸುರುಳಿ ಮತ್ತು ರೆಕ್ಕೆ. ಟೆರೊಡ್ಯಾಕ್ಟಿಲ್‌ನಲ್ಲಿ ಮೌನವಾಗಿರುವ ಪಿ ಇದೇ ರೆಕ್ಕೆಯ ಪಿ.

ಪಿ-ಎಸ್ ಗುಂಪೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲೂ ಸಿಂಹಪಾಲು ಪ್ಸೂಖೆ ಎಂಬ ಗ್ರೀಕ್ ಪದದ್ದು. ಉಸಿರು, ಪ್ರಾಣ, ಮನಸ್ಸು ಇದರ ಅರ್ಥಗಳು. ಇಂಗ್ಲಿಷಿನಲ್ಲಿ ಇದು ಪಿ-ಎಸ್-ವೈ-ಸಿ-ಎಚ್ ಎಂಬ ಐದು ಅಕ್ಷರಗಳಾಗಿ ನಿಲ್ಲುತ್ತದೆ. ಮಕ್ಕಳು ಮಾಡುವ ತಪ್ಪುಗಳು ಬಹುಪಾಲು ಈ ಐದು ಅಕ್ಷರಗಳಲ್ಲೇ. ಕೆಲವರು ಎಸ್ ಮತ್ತು ವೈ ಅದಲುಬದಲು ಮಾಡಿ ಪಿ-ವೈ-ಎಸ್ ಎಂದು ಬರೆಯುತ್ತಾರೆ. ಪಿ ಮತ್ತು ಎಸ್ ಮೂಲದಲ್ಲಿ ಒಂದೇ ಅಕ್ಷರ ಎಂದು ತಿಳಿದಿದ್ದರೆ ಅವುಗಳ ನಡುವೆ ಬೇರೇನನ್ನೂ ತೂರಿಸಲು ಕೈ ಹೋಗುವುದಿಲ್ಲ. ಇನ್ನು ಕೆಲವರು ಫಿಸಿಯಾಲಜಿಯ ಜೊತೆ ಕಲಸಿಕೊಂಡು ಪಿ-ಎಚ್‌ನಿಂದ ಶುರು ಮಾಡುತ್ತಾರೆ. ಫಿಸಿಯಾಲಜಿಯಲ್ಲಿ ಎಚ್ ಬರುವುದು ಪಿ ಪಕ್ಕದಲ್ಲಿ, ಸೈಕಾಲಜಿಯಲ್ಲಿ ಸಿ ಪಕ್ಕದಲ್ಲಿ. ಮೂರನೆಯದು ಸಿ ಆದಮೇಲೆ ಎಚ್ ಬಿಡುವುದು. ಮೂಲದ ಖಕಾರದ ಗುರುತೇ ಆ ಎಚ್.

ಈ ಧಾತುವಿನ ಉದ್ದನೆಯ ಪದಗಳು: ಸೈಕೊಥೆರಪಿ, 13 ಅಕ್ಷರ, ಮಾತುಕತೆಯ ಮೂಲಕ ಮನಸ್ಸಿಗೆ ನೀಡುವ ಚಿಕಿತ್ಸೆ. ಸೈಕೊಸೊಮ್ಯಾಟಿಕ್, ಅದೂ 13, ಸೋಮ ಎಂದರೆ ಗ್ರೀಕಿನಲ್ಲಿ ದೇಹ, ಹಾಗಾಗಿ ಮನಸ್ಸಿನ ಒತ್ತಡ ದೇಹದ ಮೇಲೆ ತೋರುವಂಥದ್ದು. ಸೈಕೊಅನಾಲಿಸಿಸ್, 14, ಮನೋವಿಶ್ಲೇಷಣೆ. ಸೈಕೊಫಾರ್ಮಕಾಲಜಿ, 18, ಮನಸ್ಸಿನ ಮೇಲೆ ಔಷಧಗಳು ಬೀರುವ ಪರಿಣಾಮದ ಅಧ್ಯಯನ. ಸೈಕೊನ್ಯೂರೊಇಮ್ಯುನಾಲಜಿ, 21, ಮನಸ್ಸು, ನರಮಂಡಲ ಮತ್ತು ರೋಗನಿರೋಧಕ ವ್ಯವಸ್ಥೆ ಮೂರರ ನಡುವಿನ ಸಂಬಂಧದ ಅಧ್ಯಯನ. ಈ ಕೊನೆಯದು ನೋಡಲು ಭಯಂಕರ, ಆದರೆ ಸೈಕೊ, ನ್ಯೂರೊ, ಇಮ್ಯುನಾಲಜಿ ಎಂದು ಒಡೆದರೆ ಮೂರೂ ಪರಿಚಿತ ತುಂಡುಗಳೇ.

ಇಲ್ಲಿ ಒಂದು ನಿಯಮ ಹೇಳಲೇಬೇಕು. ಎರಡು ಗ್ರೀಕ್ ತುಂಡುಗಳ ನಡುವೆ ಬರುವ ಓ ಕೇವಲ ಬೆಸುಗೆ. ಮುಂದಿನ ತುಂಡು ವ್ಯಂಜನದಿಂದ ಶುರುವಾದರೆ ಓ ಇರುತ್ತದೆ, ಸ್ವರದಿಂದ ಶುರುವಾದರೆ ಹೆಚ್ಚಾಗಿ ಬಿದ್ದುಹೋಗುತ್ತದೆ. ಸೈಕಾಲಜಿಯಲ್ಲಿ ಓ ಇದೆ. ಸೈಕಿಯಾಟ್ರಿಯಲ್ಲಿ ಇಲ್ಲ, ಏಕೆಂದರೆ ಮುಂದಿನ ತುಂಡು ಐ ಅಕ್ಷರದಿಂದ ಶುರುವಾಗುತ್ತದೆ. ಗ್ರೀಕಿನಲ್ಲಿ ಇಯಾಟ್ರೋಸ್ ಎಂದರೆ ವೈದ್ಯ. ಅದಕ್ಕೇ ಸೈಕಿಯಾಟ್ರಿಸ್ಟ್ ಎಂದರೆ ವೈದ್ಯ ಪದವಿ ಪಡೆದ ಮನೋವೈದ್ಯ, ಸೈಕಾಲಜಿಸ್ಟ್ ಎಂದರೆ ಮನಶ್ಶಾಸ್ತ್ರಜ್ಞ. ಸ್ಯೂಡೊನಿಮ್ ಅಂದರೆ ಕಾವ್ಯನಾಮ ಅಥವಾ ಗುಪ್ತನಾಮ. ಅದರಲ್ಲೂ ಒಂದೇ ಓ, ಎರಡಲ್ಲ. ಸೈಕೊಅನಾಲಿಸಿಸ್‌ನಂಥ ಕೆಲವು ಹೊಸ ಪದಗಳು ಈ ನಿಯಮ ಮೀರುತ್ತವೆ. ಇಂಗ್ಲಿಷಿನಲ್ಲಿ ಆಗಲೇ ಬಳಕೆಯಲ್ಲಿದ್ದ ಇಡೀ ಪದಕ್ಕೆ ಸೈಕೊ ಅಂಟಿಸಿದ್ದರಿಂದ ಹೀಗಾಗುತ್ತದೆ.

ಎರಡನೆಯ ದೊಡ್ಡ ಧಾತು ಸ್ಯೂಡೊ: ಪಿ-ಎಸ್-ಇ-ಯು-ಡಿ-ಓ. ಸುಳ್ಳು, ತೋರಿಕೆಯ ಎಂದರ್ಥ. ಇ ಮತ್ತು ಯು ಕ್ರಮ ತಪ್ಪಬಾರದು. ಸ್ಯೂಡೊಸೈನ್ಸ್ ಎಂದರೆ ವಿಜ್ಞಾನದ ವೇಷ ತೊಟ್ಟ ಹುಸಿ ವಿಜ್ಞಾನ. ಸ್ಯೂಡೊಪೋಡಿಯಂ ಎಂದರೆ ಅಮೀಬಾ ಚಲಿಸಲು ಚಾಚುವ ಮಿಥ್ಯಪಾದ, ಜೀವಶಾಸ್ತ್ರದ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಈ ಧಾತುವಿನ ಅತಿ ಉದ್ದದ ಪದವನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು: ಸ್ಯೂಡೊ-ಸ್ಯೂಡೊ-ಹೈಪೊ-ಪ್ಯಾರಾ-ಥೈರಾಯ್ಡ್-ಇಸಂ. ಒಟ್ಟು 30 ಅಕ್ಷರ: 6, 6, 4, 4, 7, 3.

ಇದನ್ನು ಹಿಂದಿನಿಂದ ಓದಿ. ಥೈರಾಯ್ಡ್ ಕುತ್ತಿಗೆಯಲ್ಲಿರುವ ಗ್ರಂಥಿ. ಪ್ಯಾರಾ ಎಂದರೆ ಪಕ್ಕದಲ್ಲಿ, ಹಾಗಾಗಿ ಪ್ಯಾರಾಥೈರಾಯ್ಡ್ ಅದರ ಹಿಂಬದಿಗೆ ಅಂಟಿಕೊಂಡಿರುವ, ಸಾಮಾನ್ಯವಾಗಿ ನಾಲ್ಕಿರುವ, ಪುಟ್ಟ ಗ್ರಂಥಿಗಳು. ಅವುಗಳ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುತ್ತದೆ. ಹೈಪೊ ಎಂದರೆ ಕಡಿಮೆ: ಹಾರ್ಮೋನು ಸಾಲದೆ ಕ್ಯಾಲ್ಸಿಯಂ ಇಳಿಯುವ ಸ್ಥಿತಿ. ಅದಕ್ಕೆ ಒಂದು ಸ್ಯೂಡೊ ಸೇರಿದರೆ, ಹಾರ್ಮೋನು ಬೇಕಾದಷ್ಟಿದ್ದರೂ ದೇಹ ಅದಕ್ಕೆ ಸ್ಪಂದಿಸದೆ ಕೊರತೆಯಂತೆಯೇ ಕಾಣುವ ಸ್ಥಿತಿ. ಇದನ್ನು ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು 1942ರಲ್ಲಿ ವಿವರಿಸಿದರು. ಈ ರೋಗಿಗಳಲ್ಲಿ ಗಿಡ್ಡ ಮೈಕಟ್ಟು, ದುಂಡು ಮುಖ, ಮೋಟಾದ ಬೆರಳುಗಳಂಥ ಲಕ್ಷಣಗಳಿರುತ್ತವೆ. ಅದೇ ಹೊರಲಕ್ಷಣಗಳಿದ್ದೂ ಕ್ಯಾಲ್ಸಿಯಂ ಸರಿಯಾಗಿಯೇ ಇರುವವರು ಸಿಕ್ಕಾಗ, ಹುಸಿಯ ಹುಸಿ ಎಂದು ಎರಡನೆಯ ಸ್ಯೂಡೊ ಸೇರಿಸಿ ಆಲ್‌ಬ್ರೈಟ್ 1952ರಲ್ಲಿ ಹೊಸ ಹೆಸರಿಟ್ಟರು. ಸ್ಯೂಡೊ ಎರಡು ಸಲ ಬಂದದ್ದು ಪದ ಉದ್ದವಾಗಲಿ ಎಂದಲ್ಲ, ಎರಡಕ್ಕೂ ವೈದ್ಯಕೀಯ ಅರ್ಥವಿದೆ. ಬರೆಯುವಾಗ ಒಂದು ಸ್ಯೂಡೊ ಬಿಟ್ಟರೆ 24 ಅಕ್ಷರದ ಬೇರೆಯೇ ಕಾಯಿಲೆಯಾಗುತ್ತದೆ!

ಈ ಪದದಲ್ಲಿ ಎರಡನೆಯ ಸ್ಯೂಡೊದ ಹಿಂದೆ ಸ್ವರವಿದ್ದರೂ ಪಿ ಕೇಳಿಸುವುದಿಲ್ಲ ಎನ್ನುವುದನ್ನು ಗಮನಿಸಿ. ನ್ಯೂರೊಸೈಕಾಲಜಿ, ಪ್ಯಾರಾಸೈಕಾಲಜಿ, ಬ್ರಾಂಕೊನ್ಯುಮೋನಿಯಾ ಎಲ್ಲವೂ ಹೀಗೆಯೇ. ಇಂಗ್ಲಿಷಿನಲ್ಲಿ ಮೊದಲೇ ಬಳಕೆಯಲ್ಲಿರುವ, ಮೌನ ಪಿಯ ಇಡೀ ಪದಕ್ಕೆ ಪೂರ್ವಪ್ರತ್ಯಯ ಸೇರಿದರೆ ಪಿ ಮೌನವಾಗಿಯೇ ಉಳಿಯುತ್ತದೆ. ಹೆಲಿಕಾಪ್ಟರ್‌ನಂತೆ ತುಂಡುಗಳೇ ಸೇರಿ ಒಂದು ಪದವಾದಾಗ ಪಿ ಕೇಳಿಸುತ್ತದೆ. ಸ್ಪರ್ಧೆಗಳಲ್ಲಿ ಮಕ್ಕಳು ಎಡವುವುದು ಇಲ್ಲೇ: ಪದದ ಮಧ್ಯದಲ್ಲಿ ಪಿ ಕೇಳಿಸದಿದ್ದರೆ ಅಲ್ಲಿ ಪಿ ಇಲ್ಲವೆಂದೇ ನಂಬುತ್ತಾರೆ.

ಪಿ-ಎಸ್ ಗುಂಪಿನ ಉಳಿದ ಧಾತುಗಳು ಒಂದೆರಡು ಪದಗಳಿಗೆ ಸೀಮಿತ. ಸೆಫಾಲಜಿ, 10 ಅಕ್ಷರ: ಚುನಾವಣೆ ಮತ್ತು ಮತದಾನದ ಅಂಕಿಅಂಶಗಳ ಅಧ್ಯಯನ. ಪ್ಸೇಫೋಸ್ ಎಂದರೆ ಬೆಣಚುಕಲ್ಲು. ಪ್ರಾಚೀನ ಗ್ರೀಕರು ಕಲ್ಲುಹರಳು ಹಾಕಿ ಮತ ಕೊಡುತ್ತಿದ್ದರು. ಈ ಪದದಲ್ಲಿ ಎರಡು ಪಿ ಇವೆ, ಆದರೆ ಪಕಾರ ಒಮ್ಮೆಯೂ ಕೇಳಿಸುವುದಿಲ್ಲ! ಮೊದಲನೆಯದು ಮೌನ, ಎರಡನೆಯದು ಎಚ್ ಜೊತೆ ಸೇರಿ ಫ ಆಗುತ್ತದೆ. ಸಿಟಕೋಸಿಸ್, 11 ಅಕ್ಷರ: ಗಿಳಿ ಮೊದಲಾದ ಹಕ್ಕಿಗಳಿಂದ ಮನುಷ್ಯರಿಗೆ ಹರಡುವ ಬ್ಯಾಕ್ಟೀರಿಯಾ ಸೋಂಕು. ಪ್ಸಿಟ್ಟಕೋಸ್ ಎಂದರೆ ಗಿಳಿ. ಟಿ ಎರಡು, ಸಿ ಒಂದೇ. ಇದನ್ನು ಅದಲುಬದಲು ಮಾಡುವವರೇ ಜಾಸ್ತಿ. ಸೊರಾಯಸಿಸ್, ತುರಿಕೆ ಎಂಬರ್ಥದ ಪ್ಸೋರ ಎಂಬುದರಿಂದ ಬಂದ ಚರ್ಮರೋಗದ ಹೆಸರು.

ಸೈಕ್ರಾಮೀಟರ್ ಮಾತ್ರ ಬೇರೆಯಾಗಿ ಹೇಳಬೇಕಾದ ಪದ. 12 ಅಕ್ಷರ, ನೋಡಿದರೆ ಮನಸ್ಸನ್ನು ಅಳೆಯುವ ಸಾಧನ ಅನ್ನಿಸುತ್ತದೆ, ಆದರೆ ಅದಕ್ಕೂ ಮನಸ್ಸಿಗೂ ಸಂಬಂಧವಿಲ್ಲ. ಪ್ಸೂಖ್ರೋಸ್ ಎಂದರೆ ತಣ್ಣಗಿನ. ಇದು ಗಾಳಿಯ ತೇವಾಂಶ ಅಳೆಯುವ ಉಪಕರಣ. ಎರಡು ಥರ್ಮಾಮೀಟರ್‌ಗಳಿರುತ್ತವೆ, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿರುತ್ತಾರೆ. ನೀರು ಆವಿಯಾಗುವಾಗ ಅದು ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಎರಡರ ನಡುವಿನ ಅಂತರ ಹೆಚ್ಚು. ಎಚ್ ಆದಮೇಲೆ ಬರುವ ಆರ್ ಒಂದೇ ಇದನ್ನು ಸೈಕೊ ಪದಗಳಿಂದ ಬೇರ್ಪಡಿಸುವ ಗುರುತು. ಅತಿ ಚಳಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳಿಗೆ ಸೈಕ್ರೊಫೈಲ್ ಎನ್ನುವುದೂ ಇದೇ ಧಾತುವಿನಿಂದ.

ಈಗ ಪಿ-ಎನ್. ಇಲ್ಲಿ ಇರುವುದೆಲ್ಲ ಉಸಿರಿನ ಸಂಸಾರ. ಪ್ನೆಉಮ ಎಂದರೆ ಗಾಳಿ, ಉಸಿರು. ಪ್ನೆಉಮೋನ್ ಎಂದರೆ ಶ್ವಾಸಕೋಶ. ಪದದಲ್ಲಿ ಯಾವುದಿದೆ ಎಂದು ನೋಡಿ ಅರ್ಥ ಹೇಳಬೇಕು. ನ್ಯುಮ್ಯಾಟಿಕ್ ಎಂದರೆ ಗಾಳಿಯ ಒತ್ತಡದಿಂದ ನಡೆಯುವ. ನ್ಯುಮ್ಯಾಟೊಫೋರ್ ಎಂದರೆ ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚುವ ಉಸಿರಾಟದ ಬೇರು, 13 ಅಕ್ಷರ. ನ್ಯುಮೊನೆಕ್ಟಮಿ ಎಂದರೆ ಇಡೀ ಒಂದು ಶ್ವಾಸಕೋಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು, ಅದೂ 13. ನ್ಯುಮೊಥೊರಾಕ್ಸ್ ವೈದ್ಯಕೀಯ ವಿದ್ಯಾರ್ಥಿಗಳನ್ನೂ ಯೋಚನೆಗೆ ಹಚ್ಚುವ ಪದ: ಇಲ್ಲಿ ನ್ಯುಮೊ ಎಂದರೆ ಶ್ವಾಸಕೋಶವಲ್ಲ, ಗಾಳಿ. ಶ್ವಾಸಕೋಶಕ್ಕೂ ಎದೆಗೂಡಿನ ಗೋಡೆಗೂ ನಡುವೆ ಗಾಳಿ ಸೇರಿಕೊಂಡು ಶ್ವಾಸಕೋಶ ಕುಸಿಯುವ ಸ್ಥಿತಿ ಅದು.

ಇನ್ನು ಎಲ್ಲರೂ ಕೇಳುವ ಆ 45 ಅಕ್ಷರದ ಪದ. ಇಂಗ್ಲಿಷಿನ ದೊಡ್ಡ ನಿಘಂಟುಗಳಲ್ಲಿ ಸೇರಿರುವ ಪದಗಳಲ್ಲಿ ಇದೇ ಅತಿ ಉದ್ದದ್ದು. 1935ರಲ್ಲಿ ಅಮೆರಿಕದ ನ್ಯಾಷನಲ್ ಪಜಲರ್ಸ್ ಲೀಗ್ ಎಂಬ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಇದನ್ನು ಕಟ್ಟಿದರು. ತುಂಡುಗಳು ಹೀಗಿವೆ: ನ್ಯುಮೊನೊ 8 ಅಕ್ಷರ, ಅಲ್ಟ್ರಾ 5, ಮೈಕ್ರೊಸ್ಕೋಪಿಕ್ 11, ಸಿಲಿಕೊ 6, ವಾಲ್ಕೇನೊ 7, ಕೋನಿಯೋಸಿಸ್ 8. ಕೂಡಿದರೆ 45. ಅತಿಸೂಕ್ಷ್ಮವಾದ ಸಿಲಿಕಾ ಜ್ವಾಲಾಮುಖಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಎಂದು ಅರ್ಥ. ವೈದ್ಯರು ಇದನ್ನು ಬಳಸುವುದಿಲ್ಲ, ಅವರಿಗೆ ಸಿಲಿಕೋಸಿಸ್ ಸಾಕು. ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳಿಗೆಲ್ಲ ಸೇರಿ ನ್ಯುಮೊಕೋನಿಯೋಸಿಸ್ ಎಂಬ 14 ಅಕ್ಷರದ ಪದವಿದೆ, ಅದು ನಿತ್ಯ ಬಳಕೆಯದು. ಕೋನಿಸ್ ಎಂದರೆ ಧೂಳು.

ಈ ಪದದಲ್ಲಿ ತಪ್ಪಾಗುವ ಜಾಗಗಳು ಮೂರು. ಮೊದಲನೆಯದು, ನ್ಯುಮೊನೊ ಬದಲು ನ್ಯುಮೊ ಎಂದು ಬರೆದು ಎನ್-ಓ ನುಂಗುವುದು. ಆಗ 43 ಅಕ್ಷರವಾಗುತ್ತದೆ, ಎಣಿಸಿದರೆ ಸಿಕ್ಕಿಬೀಳುತ್ತದೆ. ಎರಡನೆಯದು, ಸಿಲಿಕೊ ಜಾಗದಲ್ಲಿ ಸಿಲಿಕಾ. ಬೆಸುಗೆಯ ಓ ಬಂದಾಗ ಕೊನೆಯ ಎ ಹೋಗುತ್ತದೆ ಎಂದು ನೆನಪಿಡಿ. ಎಣಿಕೆಯಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ. ಮೂರನೆಯದು ಕೋನಿಯೋಸಿಸ್‌ನ ಮೊದಲಕ್ಷರ. ಅಲ್ಲಿ ಕೆ ಇರುವ ರೂಪವೂ ಬಳಕೆಯಲ್ಲಿದೆ, ಆದರೆ ನಿಘಂಟುಗಳು ಮುಖ್ಯ ರೂಪವಾಗಿ ಕೊಡುವುದು ಸಿ ಇರುವುದನ್ನೇ. ಸ್ಪರ್ಧೆಗೆ ಅದನ್ನೇ ಕಲಿಯಲಿ.

ಪಿ-ಟಿ ಗುಂಪು ಚಿಕ್ಕದು, ಆದರೆ ನನಗೆ ಇದೇ ಎಲ್ಲಕ್ಕಿಂತ ಸೊಗಸು. ರೆಕ್ಕೆ ಎಂಬರ್ಥದ ಪ್ತೆರಾನ್‌ನಿಂದ ಟೆರೊಡ್ಯಾಕ್ಟಿಲ್, 11 ಅಕ್ಷರ. ಡ್ಯಾಕ್ಟಿಲ್ ಎಂದರೆ ಬೆರಳು. ಈ ಹಾರುವ ಸರೀಸೃಪದ ನಾಲ್ಕನೆಯ ಬೆರಳು ವಿಪರೀತ ಉದ್ದ ಬೆಳೆದು ರೆಕ್ಕೆಯ ಪೊರೆಯನ್ನು ಹಿಡಿದಿರುತ್ತಿತ್ತು. ಆ ಬೆರಳನ್ನು ಕಂಡೇ ಫ್ರೆಂಚ್ ವಿಜ್ಞಾನಿ ಕ್ಯೂವಿಯೆ 1809ರಲ್ಲಿ ಬೆರಳ್ರೆಕ್ಕೆ ಎಂಬರ್ಥದ ಹೆಸರಿಟ್ಟ. ಕೊನೆಯಲ್ಲಿ ಟಿ-ವೈ-ಎಲ್, ಅಷ್ಟೇ. ಇ ಸೇರಿಸಬೇಡಿ. ಟೆರಿಡೋಫೈಟ್, 12 ಅಕ್ಷರ, ಜರೀಗಿಡಗಳ ವರ್ಗ. ಗರಿಯಂಥ ಎಲೆಯಿಂದಾಗಿ ಜರೀಗಿಡಕ್ಕೂ ಗ್ರೀಕರು ಇದೇ ಧಾತುವಿನ ಹೆಸರಿಟ್ಟಿದ್ದರು. ಟೆರಿಜಿಯಂ ಎಂದರೆ ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ರೆಕ್ಕೆಯಾಕಾರದಲ್ಲಿ ಬೆಳೆಯುವ ಪೊರೆ. ಆರ್ಕಿಯಾಪ್ಟೆರಿಕ್ಸ್, ಅಂದರೆ ಪ್ರಾಚೀನ ರೆಕ್ಕೆ, ಇದೇ ಕುಟುಂಬದ್ದು. ನಡುವೆ ಬಂದದ್ದರಿಂದ ಅದರಲ್ಲಿ ಪಿ ಕೇಳಿಸುತ್ತದೆ.

ಬೀಳು ಎಂಬರ್ಥದ ಇನ್ನೊಂದು ಧಾತುವಿದೆ. ಟೋಸಿಸ್ ಎಂದರೆ ರೆಪ್ಪೆ ಜೋತುಬೀಳುವುದು. ಅದರ ಪೂರ್ಣ ಹೆಸರು ಬ್ಲೆಫರಾಪ್ಟೋಸಿಸ್, 14 ಅಕ್ಷರ. ನಾವು ದಿನವೂ ಬಳಸುವ ಸಿಂಪ್ಟಮ್ ಕೂಡ ಇದೇ ಧಾತುವಿನದು, ಒಟ್ಟಿಗೆ ಬಂದು ಬೀಳುವುದು ಎಂದರ್ಥ. ಜೀವಕೋಶಗಳು ಕ್ರಮಬದ್ಧವಾಗಿ ಸಾಯುವ ಪ್ರಕ್ರಿಯೆಗೆ ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದದಿಂದ ಅಪೊಪ್ಟೋಸಿಸ್ ಎಂದು 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಹೆಸರಿಟ್ಟರು. ಎರಡನೆಯ ಪಿ ಮೌನವಾಗಿರಲಿ ಎಂದು ಅವರೇ ಸೂಚಿಸಿದ್ದರು. ಆದರೂ ಅನೇಕರು ಅದನ್ನು ಉಚ್ಚರಿಸುತ್ತಾರೆ, ಎರಡೂ ನಡೆಯುತ್ತದೆ. ಬರಹದಲ್ಲಿ ಮಾತ್ರ ಪಿ ಎರಡು ಇರಲೇಬೇಕು.

ಧಾತು ನಂಬಿ ಮೋಸಹೋಗುವ ಪದ ಒಂದಿದೆ: ಟಾರ್ಮಿಗನ್, 9 ಅಕ್ಷರ, ಚಳಿಗಾಲದಲ್ಲಿ ಬಿಳಿಬಣ್ಣಕ್ಕೆ ತಿರುಗುವ ಶೀತಪ್ರದೇಶದ ಹಕ್ಕಿ. ಇದು ಗ್ರೀಕ್ ಪದವೇ ಅಲ್ಲ, ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯದು. ಮೂಲದಲ್ಲಿ ಪಿ ಇರಲಿಲ್ಲ. ಹಕ್ಕಿಯಲ್ಲವೇ, ರೆಕ್ಕೆಯ ಪ್ತೆರಾನ್‌ಗೆ ಸಂಬಂಧವಿರಬೇಕೆಂದು ತಪ್ಪಾಗಿ ಊಹಿಸಿ 17ನೇ ಶತಮಾನದಲ್ಲಿ ಪಿ ಅಂಟಿಸಿದರು, ಅದೇ ನಿಂತುಬಿಟ್ಟಿತು. ಇದೊಂದನ್ನು ಹಾಗೆಯೇ ನೆನಪಿಟ್ಟುಕೊಳ್ಳಬೇಕು.

ಅಭ್ಯಾಸಕ್ಕೆ ಬರೋಣ. ಕನ್ನಡ ಲಿಪಿಯ ಒತ್ತಕ್ಷರ ಇಲ್ಲಿ ದೊಡ್ಡ ಸಹಾಯ. ಮಗ ಪ್ರತಿ ಪದವನ್ನೂ ಎರಡು ಸಾಲಾಗಿ ಬರೆಯಲಿ. ಮೇಲಿನ ಸಾಲಿನಲ್ಲಿ ಹೇಳುವ ರೀತಿ: ಸೈಕಾಲಜಿ. ಕೆಳಗೆ ಬರೆಯುವ ರೀತಿ: ಪ್ಸೈಖೊಲೊಗಿ. ಹಾಗೆಯೇ ನ್ಯುಮೋನಿಯಾ ಕೆಳಗೆ ಪ್ನೆಉಮೋನಿಯಾ, ಟೆರಿಡೋಫೈಟ್ ಕೆಳಗೆ ಪ್ಟೆರಿಡೊಫೈಟೆ. ಬಾಯಲ್ಲಿ ಮೇಲಿನದು, ಇಂಗ್ಲಿಷಿನಲ್ಲಿ ಬರೆಯುವಾಗ ಮನಸ್ಸಿನಲ್ಲಿ ಕೆಳಗಿನದು. ಕೆಳಗಿನ ಸಾಲಿನಲ್ಲಿ ಪಿ ಮಾತ್ರವಲ್ಲ, ಸಿ ಪಕ್ಕದ ಎಚ್, ಇ-ಯು ಕ್ರಮ, ಕೊನೆಯ ಇ ಎಲ್ಲವೂ ಕಾಣುತ್ತವೆ. ಆಮೇಲೆ ಪದವನ್ನು ತುಂಡು ಮಾಡಿ ಪ್ರತಿ ತುಂಡಿನ ಕೆಳಗೆ ಅಕ್ಷರಸಂಖ್ಯೆ ಮತ್ತು ಅರ್ಥ ಬರೆಯಬೇಕು. ಕೊನೆಗೆ ತುಂಡುಗಳನ್ನು ಮುಚ್ಚಿ, ಅರ್ಥವನ್ನಷ್ಟೇ ನೋಡಿ ಇಡೀ ಪದ ಬರೆಯಬೇಕು. ಒಂದು ಸಲಕ್ಕೆ ಒಂದೇ ಧಾತುವಿನ ನಾಲ್ಕೈದು ಪದ ಸಾಕು. ಸೈಕೊ ಮತ್ತು ಸೈಕ್ರೊ ಎರಡನ್ನೂ ಒಂದೇ ದಿನ ಕಲಿಸಬೇಡಿ, ಕಲಸಿಹೋಗುತ್ತವೆ.

ಬೇಡದ ಕಡೆ ಪಿ ಹಾಕುವುದಕ್ಕೆ ಕಾರಣ ಧ್ವನಿಸಾಮ್ಯ. ಸೈಕಲ್, ಸೈಕ್ಲೋನ್ ಪದಗಳು ಚಕ್ರ ಎಂಬರ್ಥದ ಬೇರೆ ಧಾತುವಿನವು, ಸಿ-ವೈ-ಸಿ-ಎಲ್‌ನಿಂದ ಶುರು. ಸಿಕೊಫಂಟ್, ಅಂದರೆ ಹೊಗಳುಭಟ್ಟ, ಅಂಜೂರ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು, ಎಸ್-ವೈ-ಸಿ-ಓ. ಸೈಸ್ಮಾಲಜಿ, ಭೂಕಂಪಶಾಸ್ತ್ರ, ಎಸ್-ಇ-ಐ-ಎಸ್. ನ್ಯೂರಾಲಜಿ ನರಗಳದ್ದು, ಉಸಿರಿನದ್ದಲ್ಲ, ಹಾಗಾಗಿ ಎನ್‌ನಿಂದಲೇ ಆರಂಭ. ಹೊಸ ಪದ ಎದುರಾದಾಗ ಮಗ ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಇದರ ಅರ್ಥದಲ್ಲಿ ಮನಸ್ಸು, ಸುಳ್ಳು, ಉಸಿರು, ರೆಕ್ಕೆ, ಬೀಳುವುದು, ಇವುಗಳಲ್ಲಿ ಯಾವುದಾದರೂ ಇದೆಯೇ? ಇದ್ದರೆ ಪಿ ಹಾಕಿ ನೋಡಲಿ. ಇಲ್ಲದಿದ್ದರೆ ಗಿಳಿ, ಬೆಣಚುಕಲ್ಲು, ತುರಿಕೆ, ಚಳಿ ಎಂಬ ಬಿಡಿ ಧಾತುಗಳನ್ನು ಒಮ್ಮೆ ನೆನೆಸಿಕೊಳ್ಳಲಿ. ಅವುಗಳಲ್ಲೂ ಸಿಗದಿದ್ದರೆ ಪಿ ಇರುವ ಸಾಧ್ಯತೆ ತೀರಾ ಕಡಿಮೆ. ಕಿವಿಗೆ ಕೇಳಿಸಿದಂತೆಯೇ ಬರೆಯಲಿ.